ಅಲುಗಾಡದ ಮಿಕ್ಸಿ

೨೦೦೩ರ ಬೇಸಿಗೆಯಲ್ಲಿ ಸಿದ್ದಾಪುರದ ಮಿಕ್ಸಿಗಳು ಒಂದರ ಹಿಂದೊಂದು ಕೆಟ್ಟವು. ಅದಕ್ಕೆ ಕಾರಣ ಟಿ.ವಿ.ಯಲ್ಲಿ ಮಧ್ಯಾಹ್ನ ಬರುತ್ತಿದ್ದ ಒಂದು ಅಡುಗೆ ಕಾರ್ಯಕ್ರಮ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಅದರಲ್ಲಿ ಒಬ್ಬ ಹೆಂಗಸು ಕಾಫಿ, ಹಾಲು, ಚಾಕಲೇಟ್ ಬಿಸ್ಕತ್ತು, ಐಸು ಎಲ್ಲವನ್ನೂ ಗಾಜಿನ ಜಾರಿಗೆ ಹಾಕಿ ಗರ್ರೆಂದು ತಿರುಗಿಸಿ, ಉದ್ದ ಲೋಟಕ್ಕೆ ಬಗ್ಗಿಸಿ, ನೊರೆಯ ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿ ತೋರಿಸಿದಳು. ಅವಳ ಯಂತ್ರ ಐಸು ಪುಡಿ ಮಾಡಲಿಕ್ಕೆಂದೇ ಇದ್ದದ್ದು. ನಮ್ಮ ಕಡೆಯ ಮಿಕ್ಸಿ ಕಾಯಿಚಟ್ನಿಗೆ ಇರುವುದು. ಆ ವ್ಯತ್ಯಾಸವನ್ನು ಅವಳು ಹೇಳಲಿಲ್ಲ. ಮೇ ಎರಡನೇ ವಾರದೊಳಗೆ ನನ್ನ ಮೇಜಿನ ಮೇಲೆ ಏಳು ಮಿಕ್ಸಿ ಬಂದು ಕೂತಿದ್ದವು.

ನನ್ನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ. ಅಂಗಡಿಯ ಹಿಂದೆಯೇ ಮನೆ. ನಾನು ಶಿರಸಿಯವನು, ಮದುವೆಯಾದ ಮೇಲೆ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಕಲಿತ ಒಂದು ವಿಷಯವೆಂದರೆ, ಏನು ಬೀಸಿದಿರಿ ಎಂದು ಯಾರನ್ನೂ ಕೇಳಬಾರದು. ಮನೆಯವರು ಹೇಳುವುದು ಒಂದು, ಮಿಕ್ಸಿ ಹೇಳುವುದು ಇನ್ನೊಂದು. ನಾನು ಮಿಕ್ಸಿ ಹೇಳಿದ್ದನ್ನು ನೋಡಿ ರಿಪೇರಿ ಮಾಡುತ್ತೇನೆ, ಮನೆಯವರು ಹೇಳಿದ್ದಕ್ಕೆ ತಲೆ ಆಡಿಸುತ್ತೇನೆ.

ಎಂಟನೆಯದನ್ನು ತಂದವರು ಪರಿಮಳಾ. ಕೋಲಸಿರ್ಸಿಯ ನಾಗಪತಿ ಹೆಗಡೆಯವರ ಹೆಂಡತಿ. ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನಾದಿನಿಯ ಮಗಳು ಅಭಿಜ್ಞಾ. ಹುಬ್ಬಳ್ಳಿಯಿಂದ ರಜೆಗೆ ಬಂದ ಹನ್ನೆರಡು ವರ್ಷದ ಹುಡುಗಿ.

"ಹೆಸರುಬೇಳೆ ಬೀಸ್ತಾ ಇದ್ದೆ. ಒಮ್ಮೆ ಗುಂಯ್ ಅಂತು, ನಿಂತೇ ಹೋಯ್ತು" ಎಂದರು ಪರಿಮಳಾ.

ಚೀಲ ಬಿಚ್ಚಿದೆ. ಕಾಫಿಯ ವಾಸನೆ, ಚಾಕಲೇಟಿನ ವಾಸನೆ, ಅದರ ಮೇಲೆ ಸುಟ್ಟ ತಂತಿಯ ವಾಸನೆ. ನಾನು ತಲೆ ಆಡಿಸಿದೆ.

"ಹೆಸರುಬೇಳೆ ಎಲ್ಲಿಂದ ಬಂತು?" ಎಂದಳು ಅಭಿಜ್ಞಾ. "ಅತ್ತೆ, ಬಿಸ್ಕೀಟು ಅಂತ ಹೇಳೂಲೆ ಎಂತಕ್ಕೆ ಹೆದರ್ತೆ?"

"ನೀ ಸುಮ್ನಿರೇ ಮಾರಾಯ್ತಿ!"

ನನಗೆ ನಗು ಬಂತು. ಪರಿಮಳಾ ಸ್ಟೂಲಿನ ಮೇಲೆ ಕುಳಿತು ಆದದ್ದನ್ನು ಹೇಳಿದರು. ಹುಡುಗಿ ಬಂದ ದಿನದಿಂದ ಮನೆಯಲ್ಲಿ ಕೊಟ್ಟ ಮಜ್ಜಿಗೆ, ಪಾನಕ ಯಾವುದನ್ನೂ ಮುಟ್ಟುತ್ತಿರಲಿಲ್ಲವಂತೆ. ಹುಬ್ಬಳ್ಳಿಯಲ್ಲಿ ಚಾಕಲೇಟ್ ಬಿಸ್ಕತ್ತಿನ ಕೋಲ್ಡ್ ಕಾಫಿ ಸಿಗುತ್ತದೆ, ಇಲ್ಲಿ ಎಂತದೂ ಇಲ್ಲ ಎಂದು ಹಂಗಿಸಿದಳಂತೆ. ಪರಿಮಳಾ ಟಿ.ವಿ.ಯಲ್ಲಿ ಅದನ್ನು ನೋಡಿದ್ದರು. ಮಾಡಿ ತೋರಿಸುತ್ತೇನೆ ಎಂದು ಹಟ ಹುಟ್ಟಿತು.

"ಐಸು ಹೇಗೆ ಮಾಡಿದ್ರಿ?" ಎಂದೆ.

"ಫ್ರಿಜ್ಜಿನ ಐಸಿನ ತಟ್ಟೆ ಅತ್ತೆ ಎಲ್ಲಿಟ್ಟಿದಾರೋ ಸಿಗ್ಲಿಲ್ಲ. ಸ್ಟೀಲಿನ ಬಟ್ಟಲಲ್ಲಿ ನೀರಿಟ್ಟೆ. ಓಲ್ಟೇಜ್ ಇಲ್ಲ, ಗಟ್ಟಿಯಾಗ್ಲಿಕ್ಕೆ ಒಂದೂವರೆ ದಿನ ಬೇಕಾಯ್ತು."

"ಬಟ್ಟಲಿನಷ್ಟು ದೊಡ್ಡ ಗಡ್ಡೆ ಇಡೀ ಹಾಕಿದ್ರಾ?"

"ಮಿಕ್ಸಿ ಇರೂದೇ ಪುಡಿ ಮಾಡ್ಲಿಕ್ಕೆ ಅಲ್ವಾ?"

"ಕಾಫಿ?"

"ನಮ್ಮನೆ ಕಾಫಿಯೇ. ಜೋನಿ ಬೆಲ್ಲ ಹಾಕಿದ್ದು. ಬಿಸಿ ಹಾಲು ಬಿದ್ದದ್ದೇ ಒಡೆದು ಹೋಯ್ತು. ತಣ್ಣಗಾದ್ರೆ ಸರಿಯಾಗ್ಬಹುದು ಅಂತ ಜಾರಿಗೆ ಹೊಯ್ದೆ."

ಜೋನಿ ಬೆಲ್ಲವೆಂದರೆ ಕೊಡದಲ್ಲಿ ತುಂಬಿಡುವ ನೀರುಬೆಲ್ಲ. ನಮ್ಮ ತಾಲೂಕಿನಲ್ಲಿ ಬಹಳ ಮನೆಗಳಲ್ಲಿ ಕಾಫಿಗೂ ಅದೇ. ಒಡೆದ ಹಾಲು, ಬಟ್ಟಲಿನಷ್ಟು ಐಸಿನ ಗಡ್ಡೆ, ಅರ್ಧ ಓಲ್ಟೇಜು. ಅಲಗು ಐಸಿಗೆ ಸಿಕ್ಕಿ ನಿಂತರೂ ಪರಿಮಳಾ ಬಟನ್ನನ್ನು ಒತ್ತಿಯೇ ಹಿಡಿದಿದ್ದರಂತೆ, ತಿರುಗಬಹುದು ಎಂದು.

ನಾನು ಮಿಕ್ಸಿ ಮಗುಚಿ ತಳದ ಸ್ಕ್ರೂ ಬಿಚ್ಚಿದೆ. ಒಳಗೆ ಕೆಂಪು ಬಣ್ಣದ ಒಂದು ಚುಕ್ಕಿ, ಪಕ್ಕದಲ್ಲಿ ತಾರೀಖು. ನಾನು ರಿಪೇರಿ ಮಾಡಿದ ಪ್ರತಿ ಮಿಕ್ಸಿಯೊಳಗೂ ನನ್ನ ಮಗಳು ನಗ್ಮಾಳ ನೇಲ್‌ಪಾಲಿಶಿನಿಂದ ಹಾಗೆ ಗುರುತು ಹಾಕುತ್ತೇನೆ. ತಾರೀಖು ಫೆಬ್ರುವರಿಯದು. ನೋಡಿದ್ದೇ ನೆನಪಾಯಿತು. ನಾನು ಏನೂ ಹೇಳದೆ ತಳ ಮುಚ್ಚಿದೆ.

"ಕಾಯಿಲ್ ಪೂರ್ತಿ ಸುಟ್ಟಿದೆ ಅಮ್ಮ. ಬಿಚ್ಚಿ ಹೊಸದಾಗಿ ಸುತ್ತಬೇಕು. ತಂತಿ ಶಿರಸಿಯಿಂದ ಬರಬೇಕು, ವಾರ್ನಿಷ್ ಒಣಗಬೇಕು. ಬರುವ ಬುಧವಾರ."

ಪರಿಮಳಾ ಅವರ ಮುಖ ಬಿಳಿಚಿತು. "ಆಗೂದಿಲ್ಲ. ನಾಳೆ ಸಂಜೆ ಬಸ್ಸಿಗೆ ಅತ್ತೆ ಬರ್ತಾರೆ."

ಅವರ ಅತ್ತೆ ಶರಾವತಮ್ಮ ಮಾಗೋಡಿನ ತವರಿಗೆ, ಅಣ್ಣನ ಮೊಮ್ಮಗನ ಉಪನಯನಕ್ಕೆ ಹೋಗಿದ್ದರು. ಹೋಗುವಾಗ ಉಗ್ರಾಣದ ಕೀಲಿಯನ್ನು ಸೊಸೆಯ ಕೈಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ಅದು ಮೊದಲನೇ ಸಲ. ಸಕ್ಕರೆ, ತುಪ್ಪ, ಬೆಲ್ಲ, ಮಿಕ್ಸಿ ಎಲ್ಲವೂ ಆ ಉಗ್ರಾಣದಲ್ಲೇ. ಕಾಫಿಗೆ ಒಂದು ಚಮಚ ಸಕ್ಕರೆ ಬೇಕಾದರೂ ಅತ್ತೆಯನ್ನು ಕೇಳಬೇಕು, ಅತ್ತೆ ಎದ್ದು ಬಂದು ಬಾಗಿಲು ತೆಗೆಯಬೇಕು.

"ಬಂದ ಮೇಲೆ ನೋಡ್ವ, ನಿನ್ನ ಹತ್ರವೇ ಇರೂದೋ ಹ್ಯಾಂಗೆ ಅಂತ ಹೇಳಿ ಹೋಗಿದಾರೆ. ಬಂದು ನೋಡಿದ್ರೆ ಮಿಕ್ಸಿಯೇ ಇಲ್ಲ. ಕೀಲಿ ಕೊಟ್ಟ ಮೂರನೇ ದಿನಕ್ಕೆ" ಎಂದರು ಪರಿಮಳಾ. ಅಳಲಿಲ್ಲ. ಸೆರಗಿನ ತುದಿಗೆ ಕಟ್ಟಿದ್ದ ಕೀಲಿಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡರು ಅಷ್ಟೆ.

ನಾನು ತಲೆ ಕೆರೆದುಕೊಂಡೆ. ಆ ಕಾಲಕ್ಕೆ ನಮ್ಮ ಪೇಟೆಯಲ್ಲಿ ಎಲ್ಲರೂ ಕಂತಿನ ಮೇಲೆ ಒಂದೇ ಅಂಗಡಿಯಿಂದ ಒಂದೇ ಮಾದರಿಯ ಬಿಳಿ ಮಿಕ್ಸಿ ತಂದಿದ್ದರು. ನಮ್ಮ ಮನೆಯಲ್ಲಿದ್ದದ್ದೂ ಅದೇ. ಒಳಗೆ ಹೋಗಿ ಜೈನಾಬ್‌ಗೆ ಹೇಳಿದೆ.

ಜೈನಾಬ್ ನನ್ನ ಹೆಂಡತಿ. ಮಸಾಲೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಊರವರ ಮಿಕ್ಸಿ ಮನೆಗೆ ಬಂದು ಬಿದ್ದಿರೂದು ನೋಡಿದ್ದೆ. ಮನೆ ಮಿಕ್ಸಿ ಊರಿಗೆ ಹೋಗೂದು ಈಗಲೇ ನೋಡೂದು. ಒಂದು ವಾರ ಕಲ್ಲಲ್ಲಿ ಅರೆಯೋಳು ನಾನು, ಪುಣ್ಯ ನಿಮಗೆ."

"ಕೊಡೂದು ಬೇಡ್ವಾ ಹಾಗಾದ್ರೆ?"

"ಬೇಡ ಅಂದೆನಾ? ಆ ಹೆಂಗಸನ್ನ ಓಣಿಯಲ್ಲಿ ಕೂರಿಸಿದೀರಲ್ಲ, ಒಳಗೆ ಕರೀರಿ."

ನಗ್ಮಾ ಮಿಕ್ಸಿಯ ತಳವನ್ನು ಹಳೆಯ ಬ್ರಶ್ಶಿನಿಂದ ಸಂದು ಸಂದು ಉಜ್ಜಿ ತಂದಿಟ್ಟಳು. ಪರಿಮಳಾ ಅದನ್ನು ನೋಡುತ್ತ ನಿಂತರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೂ ಗೊತ್ತು, ಜೈನಾಬ್‌ಗೂ ಗೊತ್ತು. ಅವರ ಮನೆಯಲ್ಲಿ ಮಡಿಯ ಅಡುಗೆಗೆ ಈರುಳ್ಳಿಯೂ ತಾಗುವಂತಿಲ್ಲ. ನಮ್ಮ ಮಿಕ್ಸಿಯಲ್ಲಿ ಏನೇನು ಬೀಸುತ್ತೇವೆ ಎಂದು ಬೇರೆ ಹೇಳಬೇಕಾಗಿಲ್ಲ.

"ಜಾರು ನಿಮ್ಮದೇ ಇರ್ತದೆ ಅಮ್ಮ, ಮುಚ್ಚಳವೂ ನಿಮ್ಮದೇ. ಇದು ಕೆಳಗಿನ ಮೋಟಾರು ಮಾತ್ರ" ಎಂದೆ.

ಪರಿಮಳಾ ಕೇಳಿದರು. "ಇದಕ್ಕೆ ನೀರು ಹಾಕಬಹುದಾ?"

"ಬೇಡ, ಕೆಡ್ತದೆ. ಒದ್ದೆ ಬಟ್ಟೇಲಿ ಒರೆಸಬಹುದು."

"ಹಾಗಾದ್ರೆ ಒರೆಸ್ತೇನೆ" ಎಂದು ಚೀಲ ಬಿಡಿಸಿದರು.

ಆದರೆ ಅಭಿಜ್ಞಾ ಏಳಲಿಲ್ಲ. ಅವಳಿಗೆ ಕೊಡುತ್ತೇನೆಂದ ಕಾಫಿ ಇನ್ನೂ ಸಿಕ್ಕಿರಲಿಲ್ಲ. ನಗ್ಮಾ ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅವಳೂ ಅದೇ ಕಾರ್ಯಕ್ರಮ ನೋಡಿದ್ದಳು. ಆದರೆ ರಿಪೇರಿಯವನ ಮಗಳಾದ್ದರಿಂದ ಮೊದಲು ಮಿಕ್ಸಿಯ ಬಗ್ಗೆ ಯೋಚನೆ ಮಾಡಿದ್ದಳು. "ಅಕ್ಕಾ, ಇಲ್ಲೇ ಒಮ್ಮೆ ಮಾಡಿ ತೋರಿಸ್ತೇನೆ. ನೋಡ್ಕೊಂಡು ಹೋಗಿ" ಎಂದಳು.

ಬೇಕರಿಯಿಂದ ಕಪ್ಪು ಚಾಕಲೇಟ್ ಬಿಸ್ಕತ್ತು ತರಿಸಿದೆ. ನಗ್ಮಾ ಮೊದಲು ಒಂದು ಲೋಟ ನೀರಿಗೆ ಕಾಫಿಪುಡಿ ಹೆಚ್ಚಿಗೆ ಹಾಕಿ ಗಟ್ಟಿ ಡಿಕಾಕ್ಷನ್ ಇಳಿಸಿ, ಅದನ್ನು ತಣ್ಣೀರಿನ ಪಾತ್ರೆಯೊಳಗಿಟ್ಟು ಆರಿಸಿದಳು. ಬಿಸಿ ಡಿಕಾಕ್ಷನ್ ಹಾಕಿದರೆ ಐಸೆಲ್ಲ ಕರಗಿ ನೀರುನೀರಾಗುತ್ತದೆ. ಆಮೇಲೆ ಆರು ಬಿಸ್ಕತ್ತು ಒಣ ಜಾರಿಗೆ ಹಾಕಿ, ಬರೀ ಎರಡು ಸುತ್ತು ತಿರುಗಿಸಿ ಪುಡಿ ಮಾಡಿದಳು. ಒಂದು ಚಮಚ ಪುಡಿ ಮೇಲೆ ಉದುರಿಸಲಿಕ್ಕೆಂದು ತೆಗೆದಿಟ್ಟಳು. ಪುಡಿಯ ಮೇಲೆ ಕಾಯಿಸಿ ಆರಿಸಿದ ಹಾಲು, ಡಿಕಾಕ್ಷನ್, ಸಕ್ಕರೆ. ಜಾರು ಅರ್ಧಕ್ಕಿಂತ ಹೆಚ್ಚು ತುಂಬಲಿಲ್ಲ. ಇನ್ನೊಮ್ಮೆ ತಿರುಗಿಸಿದಾಗ ನೊರೆ ಎದ್ದಿತು.

ಐಸು ಕೊನೆಗೆ. ಫ್ರಿಜ್ಜಿನ ತಟ್ಟೆಯ ಸಣ್ಣ ತುಂಡುಗಳನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿ, ಅರೆಯುವ ಕಲ್ಲಿನ ಗುಂಡಿನಿಂದ ಜಜ್ಜಿದಳು. ಅಕ್ಕಿ ನುಚ್ಚಿನಷ್ಟು ಸಣ್ಣಗಾದ ಮೇಲೆ ಜಾರಿಗೆ ಹಾಕಿ, ಬಟನ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಳು. ನಾನು ಪಕ್ಕದಲ್ಲಿ ನಿಂತು ಶಬ್ದ ಕೇಳುತ್ತಿದ್ದೆ. ಮೋಟಾರು ಒಮ್ಮೆಯೂ ನರಳಲಿಲ್ಲ.

"ಬಟ್ಟೇಲಿ ಜಜ್ಜೂದು ಟಿ.ವಿ.ಯಲ್ಲಿ ಹೇಳ್ಲೇ ಇಲ್ಲ" ಎಂದರು ಪರಿಮಳಾ.

"ಟಿ.ವಿ.ಯವಳ ಮಿಕ್ಸಿ ರಿಪೇರಿಗೆ ನಮ್ಮ ಅಬ್ಬಾನ ಹತ್ರ ಬರೂದಿಲ್ಲಲ್ಲ ಅಕ್ಕಾ" ಎಂದಳು ನಗ್ಮಾ.

ಅಭಿಜ್ಞಾ ಎರಡು ಲೋಟ ಕುಡಿದಳು. ಮೂತಿಗೆ ನೊರೆ ಹತ್ತಿಸಿಕೊಂಡು, "ಹುಬ್ಬಳ್ಳಿಯಾಂಗೇ ಇದ್ದು" ಎಂದಳು. ಪರಿಮಳಾ ಮಾತ್ರ ತಮಗೆ ತಂಪು ಆಗುವುದಿಲ್ಲ ಎಂದರು. ಜೈನಾಬ್ ಒತ್ತಾಯ ಮಾಡಲಿಲ್ಲ, ಒಂದು ಬಾಳೆಹಣ್ಣು ತಂದು ಕೊಟ್ಟಳು. ಅದನ್ನು ಸುಲಿದು ತಿಂದರು. ಹೋಗುವಾಗ ಅಳತೆಯನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡರು.

ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಮಡಿ ಮಾಡುವ ವಯಸ್ಸಾದ ಹೆಂಗಸಿಗೆ ಹೇಳದೆ ನಮ್ಮ ಮನೆಯ ಸಾಮಾನು ಅವರ ಅಡುಗೆಮನೆಗೆ ಕಳಿಸಿದ್ದೆ. ಮೋಟಾರು ಮಾತ್ರ ಎಂದು ನಾನು ಹೇಳಿಕೊಳ್ಳಬಹುದು, ಆದರೆ ಹಾಗೆ ತೀರ್ಮಾನ ಮಾಡಬೇಕಾದವರು ನಾನಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಶರಾವತಮ್ಮ ಒಬ್ಬರೇ ಅಂಗಡಿಗೆ ಬಂದರು. ಅರವತ್ತೈದು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಹೆಗಲಿನ ಚೀಲ ಇಳಿಸಿ, ನಮ್ಮ ಮಿಕ್ಸಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಮೊಣಕಾಲು ತೋರಿಸ್ಲಿಕ್ಕೆ ಡಾಕ್ಟರ ಹತ್ರ ಹೋಗ್ತೇನೆ ಅಂತ ಹೇಳಿ ಬಂದಿದೇನೆ. ಇದು ಯಾರ ಮನೇದು ಸಾಬ್ರೇ?"

"ಹೇಗೆ ಗೊತ್ತಾಯ್ತು ಅಮ್ಮ?" ಎಂದೆ.

"ಅಲುಗಾಡೂದಿಲ್ಲ."

ನನಗೆ ಅರ್ಥವಾಗಲಿಲ್ಲ.

"ನಮ್ಮ ಮಿಕ್ಸಿಗೆ ಬುಡದ ಒಂದು ರಬ್ಬರು ಬಿದ್ದು ಹೋಗಿತ್ತು. ಹವಾಯಿ ಚಪ್ಪಲಿ ಕೊಯ್ದು ನಾನೇ ಒಂದು ತುಂಡು ಅಂಟಿಸಿದ್ದೆ. ಅದು ಸ್ವಲ್ಪ ಕುಳ್ಳ. ಹತ್ತು ವರ್ಷದಿಂದ ಚಟ್ನಿ ಬೀಸುವಾಗ ಒಂದು ಕೈಯಲ್ಲಿ ಮಿಕ್ಸಿ ಹಿಡ್ಕೊಂಡೇ ಬೀಸಿದವಳು ನಾನು. ಶುಕ್ರವಾರ ಹಿಡ್ಕೊಂಡ್ರೆ, ಅಲ್ಲಾಡೂದೇ ಇಲ್ಲ. ಬಂಡೆಗಲ್ಲಿನ ಹಾಗೆ ಕೂತಿದೆ."

ಮೇಜಿನ ಮೂಲೆಯಲ್ಲಿ ಅವರ ಮಿಕ್ಸಿ ಬಿಚ್ಚಿ ಮಲಗಿತ್ತು. ಅದರ ಬುಡದಲ್ಲಿ ನೀಲಿ ಚಪ್ಪಲಿಯ ತುಂಡು. ಅದನ್ನು ನಾನು ಕೈಯಾರೆ ಒರೆಸಿದ್ದೆ, ಆದರೂ ಲಕ್ಷ್ಯಕ್ಕೆ ಬಂದಿರಲಿಲ್ಲ. ಇಷ್ಟು ವರ್ಷ ರಿಪೇರಿ ಮಾಡಿ ಏನು ಬಂತು ಎನಿಸಿತು.

"ನಮ್ಮ ಮನೇದು ಅಮ್ಮ. ತಪ್ಪಾಯ್ತು. ನಿಮಗೆ ಹೇಳಿ ಕಳಿಸಬೇಕಿತ್ತು" ಎಂದೆ.

ಶರಾವತಮ್ಮ ನಮ್ಮ ಮಿಕ್ಸಿಯ ಕಡೆಗೇ ನೋಡಿದರು. ಒಂದು ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

"ಜಾರು ನಮ್ದೇ" ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಂಡ ಹಾಗೆ.

"ಹೌದಮ್ಮ."

"ಅವಳು ಎಂತ ಬೀಸಿ ಸುಟ್ಟಳು?"

"ಹೆಸರುಬೇಳೆ ಅಂದ್ರು."

"ಸುಳ್ಳು ಹೇಳ್ಬೇಡ ಮಾರಾಯ. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಕಪ್ಪು ಬಿಸ್ಕೀಟು ಅಂಟಿಕೊಂಡಿತ್ತು. ಟಿ.ವಿ.ಯಲ್ಲಿ ಆ ಐಸಿನ ಕಾಫಿ ನಾನೂ ನೋಡಿದೇನೆ. ಶನಿವಾರ ಕೀಲಿ ವಾಪಸ್ ಇಸ್ಕಂಡೆ. ಎಂತಕ್ಕೆ ಅಂತ ಅವಳು ಕೇಳ್ಲೂ ಇಲ್ಲ, ಆನು ಹೇಳ್ಲೂ ಇಲ್ಲೆ."

ಮಾತಿನ ಭರದಲ್ಲಿ ಅವರಿಗೆ ಮನೆಮಾತು ಬಂದುಬಿಟ್ಟಿತ್ತು. ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು. "ಅವತ್ತಿಂದು ಅವಳಿಗೆ ಹೇಳಿದ್ಯಾ?"

ಅವತ್ತಿನದು ಎಂದರೆ ಫೆಬ್ರುವರಿಯದು. ಸೊಸೆ ತವರಿಗೆ ಹೋಗಿದ್ದಾಗ ಶರಾವತಮ್ಮ ಒಣಗಿದ ಅರಿಶಿನದ ಕೊಂಬುಗಳನ್ನು ಮಿಕ್ಸಿಗೆ ಹಾಕಿ ಹೊಗೆ ಎಬ್ಬಿಸಿ ತಂದಿದ್ದರು. ಮಿಕ್ಸಿಗೆ ಗಟ್ಟಿ ಸಾಮಾನು ಹಾಕಬೇಡ ಎಂದು ಸೊಸೆಗೆ ದಿನವೂ ಹೇಳುತ್ತಿದ್ದವರು ಅವರೇ. ಕಾಯಿಲ್ ಅರ್ಧ ಸುಟ್ಟಿತ್ತು. ಪೂರ್ತಿ ಸುತ್ತಲಿಕ್ಕೆ ನಾಲ್ಕು ದಿನ ಬೇಕು ಎಂದಿದ್ದೆ. ಅಷ್ಟು ದಿನ ಮಿಕ್ಸಿ ಕಾಣದಿದ್ದರೆ ಸೊಸೆ ಕೇಳುತ್ತಾಳೆ, ಸದ್ಯಕ್ಕೆ ತಿರುಗುವ ಹಾಗೆ ಮಾಡಿಕೊಡು ಎಂದಿದ್ದರು. ಮೋಟಾರಿನ ಕಾರ್ಬನ್ ತುಂಡು ಬದಲಿಸಿ, ಸುಟ್ಟ ತಂತಿಗೆ ವಾರ್ನಿಷ್ ಬಳಿದು ಕೊಟ್ಟಿದ್ದೆ.

"ಹೇಳಿಲ್ಲಮ್ಮ" ಎಂದೆ.

"ಈಗ ಸರಿಯಾಗಿ ಹೇಳು. ಸುಟ್ಟದ್ದು ಅವಳ ಐಸಿನಿಂದ್ಲೋ, ನನ್ನ ಅರಿಶಿನದಿಂದ್ಲೋ?"

ನಾನು ಸುಟ್ಟ ಹಳೆಯ ತಂತಿಯ ಸುರುಳಿಯನ್ನು ಡಬ್ಬಿಯಿಂದ ತೆಗೆದು ಅವರ ಮುಂದಿಟ್ಟೆ. ಒಂದು ಬದಿ ಇದ್ದಿಲಿನ ಹಾಗೆ ಕಪ್ಪು, ಹಳೆಯದು. ಇನ್ನೊಂದು ಬದಿ ಕಂದು, ಹೊಸದು.

"ಈ ಕಪ್ಪಿರುವುದು ಫೆಬ್ರುವರಿಯದು. ಇದು ಸರಿ ಇದ್ದಿದ್ರೆ ಐಸಿಗೆ ಜಾರು, ಮೋಟಾರು ಸೇರಿಸುವ ಕಪ್ಲರ್ ಮಾತ್ರ ಮುರಿದು ಹೋಗ್ತಿತ್ತು, ಮೋಟಾರು ಉಳೀತಿತ್ತು. ಕಪ್ಲರ್ ಆದ್ರೆ ಹತ್ತು ನಿಮಿಷದ ಕೆಲಸ. ಉಳಿದ ಏಳು ಮಿಕ್ಸಿಯದೂ ಅದೇ ಆಗಿದ್ದು."

ಶರಾವತಮ್ಮ ಸುರುಳಿಯನ್ನು ಬೆರಳಿನಲ್ಲಿ ತಿರುಗಿಸಿ ನೋಡಿದರು. ಕಪ್ಪು ಮಸಿ ಬೆರಳಿಗೆ ಹತ್ತಿತು. ಅದನ್ನು ಸೆರಗಿಗೆ ಒರೆಸಿಕೊಳ್ಳದೆ ನನ್ನ ಮೇಜಿನ ಬಟ್ಟೆಗೆ ಒರೆಸಿದರು.

"ಅದನ್ನ ಮಾಡೂದು ಹ್ಯಾಂಗೆ? ಆ ಬಿಸ್ಕೀಟಿನ ಕಾಫಿ. ಮಿಕ್ಸಿ ಸುಡದ ಹಾಗೆ."

ನಗ್ಮಾ ಮಾಡಿದ ಕ್ರಮವನ್ನು ಹೇಳಿದೆ. ಬಟ್ಟೆಯಲ್ಲಿ ಐಸು ಜಜ್ಜುವುದಕ್ಕೆ ತಲೆದೂಗಿದರು. ಸಕ್ಕರೆ ಎಂದಾಗ ತಡೆದರು.

"ಸಕ್ಕರೆ ಎಂತಕ್ಕೆ? ಜೋನಿ ಬೆಲ್ಲ ಆಗೂದಿಲ್ವಾ?"

"ಹಾಲು ಒಡೀತದೆ ಅಮ್ಮ. ಪರಿಮಳಮ್ಮಂದು ಹಾಗೇ ಒಡೆದದ್ದು."

"ಬಿಸಿಗೆ ಹಾಕಿದ್ರೆ ಒಡೀತದೆ. ಹಾಲೂ ತಣ್ಣಗಿದ್ದು, ಡಿಕಾಕ್ಷನ್ನೂ ತಣ್ಣಗಿದ್ರೆ ಎಂತ ಆಗೂದಿಲ್ಲ. ನಲವತ್ತೈದು ವರ್ಷ ಬೆಲ್ಲದ ಕಾಫಿ ಕಾಯಿಸಿದವಳಿಗೆ ನೀ ಹೇಳ್ತೀಯಲ್ಲ!"

ಎದ್ದು ನಿಂತರು. ನಮ್ಮ ಮಿಕ್ಸಿ ಮೇಜಿನ ಮೇಲೆಯೇ ಇತ್ತು. ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಅವರು ಅದನ್ನು ಎತ್ತಿ ಮತ್ತೆ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅಮ್ಮ, ಅದು..."

"ಇದನ್ನ ಇಲ್ಲಿ ಬಿಟ್ಟು ಹೋದ್ರೆ, ಮನೇಲಿ ಮಿಕ್ಸಿ ಕಾಣದೆ ಅವಳಿಗೆ ಗೊತ್ತಾಗೂದಿಲ್ವಾ? ನಾ ಬಂದದ್ದು ನೀ ಹೇಳ್ಬೇಡ. ಮತ್ತೆ, ನಮ್ಮದಕ್ಕೆ ಆ ಚಪ್ಪಲಿ ತುಂಡು ಹಾಗೇ ಇರಲಿ. ಹೊಸ ರಬ್ಬರು ಹಾಕಿ ಉಪಕಾರ ಮಾಡ್ಲಿಕ್ಕೆ ಹೋಗ್ಬೇಡ."

ಓಣಿಯ ತಿರುವಿನವರೆಗೂ ನೋಡಿದೆ. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಎಲ್ಲೂ ಇಳಿಸದೆ ಹೋದರು. ಮೊಣಕಾಲು ಅವರಿಗೆ ನಿಜವಾಗಿಯೂ ನೋಯುತ್ತಿತ್ತು.

ಬುಧವಾರ ಪರಿಮಳಾ ಬಂದರು. ಮಿಕ್ಸಿ ಬದಲಿಸಿಕೊಂಡರು. ಸೆರಗಿನ ತುದಿಯಲ್ಲಿ ಕೀಲಿ ಇತ್ತು. ನಾನು ಕೇಳದಿದ್ದರೂ ಅವರೇ ಹೇಳಿದರು.

"ಶನಿವಾರ ಇಸ್ಕಂಡಿದ್ರು. ಸೋಮವಾರ ಡಾಕ್ಟರ ಹತ್ರ ಹೋಗಿ ಬಂದವರೇ, ಕಾಲು ನೋವು, ಎದ್ದು ಎದ್ದು ಬಾಗಿಲು ತೆಗೀಲಿಕ್ಕೆ ನನ್ನಿಂದ ಆಗ್ತಿಲ್ಲೆ, ನೀನೇ ಇಟ್ಕ ಅಂತ ಕೊಟ್ರು. ಡಾಕ್ಟರು ಎಂತ ಔಷಧ ಕೊಟ್ರೋ!"

"ಒಳ್ಳೇ ಡಾಕ್ಟರು ಇರಬೇಕು" ಎಂದೆ.

ಪರಿಮಳಾ ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಕಂದು ಬಣ್ಣದ ದಪ್ಪ ಜೋನಿ ಬೆಲ್ಲ, ಬಾಯಿಗೆ ಬಾಳೆಎಲೆ ಕಟ್ಟಿತ್ತು.

"ಪೇಟೆಗೆ ಹೋಗ್ತೇನೆ ಅಂದಿದ್ದಕ್ಕೆ ಅತ್ತೆ ಕೊಟ್ರು. ಮಿಕ್ಸಿ ರಿಪೇರಿ ಸಾಬ್ರ ಮನೆಗೆ ಕೊಡು, ತಣ್ಣಗೆ ಹಾಕಿದ್ರೆ ಒಡೆಯೂದಿಲ್ಲ ಅಂತ ಆ ಹುಡುಗಿಗೆ ಹೇಳು ಅಂದ್ರು."

ಹೇಳುತ್ತ ಹೇಳುತ್ತ ಅವರ ಮಾತು ನಿಧಾನವಾಯಿತು. ಬಾಟಲಿ ನೋಡಿದರು, ನನ್ನನ್ನು ನೋಡಿದರು. ರಿಪೇರಿಗೆ ಕೊಟ್ಟ ವಿಷಯವನ್ನೇ ಅವರು ಮನೆಯಲ್ಲಿ ಹೇಳಿರಲಿಲ್ಲ.

"ಅತ್ತೆಗೆ ಗೊತ್ತಾ?"

ನಾನು ಸ್ಕ್ರೂ ಬಿಗಿಯುತ್ತಿದ್ದೆ. "ಯಾವುದು ಅಮ್ಮ?" ಎಂದೆ.

ಅವರು ಚೀಲದಿಂದ ತಮ್ಮ ಮಿಕ್ಸಿ ಹೊರತೆಗೆದರು. ಆಮೇಲೆ ಮಿಕ್ಸಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿ ನೋಡಿದರು. ಅದು ಟಕ್ ಎಂದು ಒಂದು ಬದಿಗೆ ಅಲುಗಾಡಿತು. ಪರಿಮಳಾ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು.

"ಒಂದು ಕಪ್ಲರ್ ಹೆಚ್ಚಿಗೆ ಕೊಡಿ. ಮನೇಲಿರಲಿ" ಎಂದರು. "ಅತ್ತೆಗೆ ಆ ಕಾಫಿ ರುಚಿ ನೋಡ್ಬೇಕು ಅಂತ ಇರಬೇಕು. ಬಾಯಿಬಿಟ್ಟು ಹೇಳೂದಿಲ್ಲ."

ಒಳಗಿನಿಂದ ಜೈನಾಬ್ ಬಂದು ತನ್ನ ಮಿಕ್ಸಿ ಎತ್ತಿಕೊಂಡಳು, ಬಾಟಲಿಯನ್ನೂ ಎತ್ತಿಕೊಂಡಳು. ಇವತ್ತಾದರೂ ಒಂದು ಲೋಟ ಕುಡಿದು ಹೋಗಿ ಎಂದಳು. ಪರಿಮಳಾ ಗಡಿಯಾರ ನೋಡಿದರು. ಹನ್ನೆರಡರ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

"ಐಸು ನಾನು ಜಜ್ಜುತ್ತೇನೆ" ಎಂದು ಚಪ್ಪಲಿ ಕಳಚಿ ಒಳಗೆ ಹೋದರು.